ಸ್ಪಿನ್ ಸುರುಳಿ ಸುತ್ತಿದರೆ ಹರಳಿನಲ್ಲಿ ಚಾರ್ಜ್ ಯಾಕೆ ಸರಿಯುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮಂಡ್ಯದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದೇನೆ. ಕೆಲವು ಹರಳುಗಳಲ್ಲಿ ಸ್ಪಿನ್‌ಗಳು, ಅಂದರೆ ಎಲೆಕ್ಟ್ರಾನ್‌ಗಳ ಪುಟ್ಟ ಅಯಸ್ಕಾಂತಗಳು, ಒಂದು ಕ್ರಮಕ್ಕೆ ಬಂದ ಕೂಡಲೇ ಫೆರೋಎಲೆಕ್ಟ್ರಿಕ್ ಗುಣ ಹುಟ್ಟುತ್ತದೆ ಎಂದು ಓದಿದೆ. ಸ್ಪಿನ್‌ಗೂ ಚಾರ್ಜ್‌ಗೂ ಏನು ಸಂಬಂಧ? ಅಯಸ್ಕಾಂತ ಆದ ಮಾತ್ರಕ್ಕೆ ಪ್ಲಸ್, ಮೈನಸ್ ಚಾರ್ಜ್‌ಗಳು ಬೇರೆ ಬೇರೆ ಕಡೆ ಸರಿಯುವುದಾದರೆ ಕಬ್ಬಿಣದಲ್ಲಿ ಯಾಕೆ ಹಾಗಾಗುವುದಿಲ್ಲ? ಇದರ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ ಇದೆ. ಆದರೆ ನಮ್ಮ ಕಾಲೇಜಿನಲ್ಲಿ ಲಿಕ್ವಿಡ್ ಹೀಲಿಯಂ ಇಲ್ಲ.

ಉತ್ತರ: ಮಂಡ್ಯದಿಂದ ಬಂದ ಪ್ರಶ್ನೆ, ಸಕ್ಕರೆಯಿಂದಲೇ ಶುರು ಮಾಡೋಣ. ಸಕ್ಕರೆ ಹರಳಿಗೆ ಸಮ್ಮಿತಿ ಕೇಂದ್ರ ಇಲ್ಲ. ಅಂದರೆ, ಅದರೊಳಗೆ ಯಾವ ಬಿಂದುವನ್ನು ಹಿಡಿದು ಎಲ್ಲ ಅಣುಗಳನ್ನೂ ಎದುರು ಬದಿಗೆ ಕಳಿಸಿದರೂ ಮೊದಲಿದ್ದ ಹರಳೇ ವಾಪಸ್ ಸಿಗುವುದಿಲ್ಲ. ಅದರ ಒಂದು ಅಕ್ಷದ ಎರಡು ತುದಿಗಳು ಒಂದೇ ಥರ ಇಲ್ಲ. ಹಾಗಾಗಿ ಆ ಅಕ್ಷದ ಉದ್ದಕ್ಕೆ ವಿದ್ಯುತ್ ಧ್ರುವೀಕರಣ ಇದೆ, ಅಂದರೆ ಪ್ಲಸ್ ಚಾರ್ಜ್ ಒಂದು ಕಡೆಗೆ, ಮೈನಸ್ ಇನ್ನೊಂದು ಕಡೆಗೆ ವಾಲಿದೆ. ಆದರೂ ಸಕ್ಕರೆ ಫೆರೋಎಲೆಕ್ಟ್ರಿಕ್ ಅಲ್ಲ. ಯಾಕೆಂದರೆ ಹೊರಗಿನಿಂದ ವಿದ್ಯುತ್ ಕ್ಷೇತ್ರ ಕೊಟ್ಟು ಆ ಧ್ರುವೀಕರಣವನ್ನು ತಿರುಗಿಸಲು ಆಗುವುದಿಲ್ಲ. ಒಂದೊಂದು ಅಣುವನ್ನೂ ಹಿಡಿದು ತಲೆಕೆಳಗು ಮಾಡಬೇಕು, ಅಷ್ಟರಲ್ಲಿ ಹರಳೇ ಹಾಳಾಗಿರುತ್ತದೆ. ಫೆರೋಎಲೆಕ್ಟ್ರಿಕ್ ಎನ್ನಿಸಿಕೊಳ್ಳಲು ಎರಡು ಬೇಕು: ಸಮ್ಮಿತಿ ಕೇಂದ್ರ ತಪ್ಪಿರಬೇಕು, ಧ್ರುವೀಕರಣ ಎರಡೂ ದಿಕ್ಕಿಗೆ ತಿರುಗುವಂತಿರಬೇಕು. ಈ ಎರಡನ್ನೂ ಸ್ಪಿನ್‌ಗಳು ಹೇಗೆ ಮಾಡಿಸುತ್ತವೆ ಎಂಬುದೇ ನಿಮ್ಮ ಪ್ರಶ್ನೆ, ಅಲ್ವಾ?

ಮಾಮೂಲಿ ಫೆರೋಎಲೆಕ್ಟ್ರಿಕ್‌ಗಳಲ್ಲಿ ಸ್ಪಿನ್‌ಗೆ ಕೆಲಸವೇ ಇಲ್ಲ. ಬೇರಿಯಂ ಟೈಟನೇಟ್ ತೆಗೆದುಕೊಳ್ಳಿ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಟೈಟೇನಿಯಂ ಅಯಾನು ಆಕ್ಸಿಜನ್ ಗೂಡಿನ ನಡುವಿನಿಂದ ಸುಮಾರು 0.1 ಆಂಗ್‌ಸ್ಟ್ರಾಂ ಪಕ್ಕಕ್ಕೆ ಸರಿಯುತ್ತದೆ. ಪ್ಲಸ್ ಒಂದು ಕಡೆ, ಮೈನಸ್ ಇನ್ನೊಂದು ಕಡೆ. ಧ್ರುವೀಕರಣ ಚದರ ಸೆಂಟಿಮೀಟರಿಗೆ ಸುಮಾರು 26 ಮೈಕ್ರೋಕೂಲಂ. ಈ ಸರಿದಾಟಕ್ಕೆ ಟೈಟೇನಿಯಂನ ಖಾಲಿ ಡಿ-ಕಕ್ಷೆ ಸಹಾಯ ಮಾಡುತ್ತದೆ. ಆಕ್ಸಿಜನ್‌ನ ಎಲೆಕ್ಟ್ರಾನ್‌ಗಳು ಆ ಖಾಲಿ ಜಾಗದ ಜೊತೆ ಬಂಧ ಕಟ್ಟುತ್ತವೆ.

ತೊಂದರೆ ಇಲ್ಲೇ ಇದೆ. ಮ್ಯಾಂಗನೀಸ್, ಕಬ್ಬಿಣ, ತಾಮ್ರದಂಥ ಅಯಾನುಗಳಿಗೆ ಕಾಂತೀಯ ಗುಣ ಬರಬೇಕಾದರೆ ಡಿ-ಕಕ್ಷೆಯಲ್ಲಿ ಜೋಡಿ ಸಿಗದ ಎಲೆಕ್ಟ್ರಾನ್ ಇರಬೇಕು. ಒಂದು ಗುಣಕ್ಕೆ ಕಕ್ಷೆ ಖಾಲಿ ಇರಬೇಕು, ಇನ್ನೊಂದಕ್ಕೆ ಭಾಗಶಃ ತುಂಬಿರಬೇಕು. 2000ದಲ್ಲಿ ನಿಕೋಲಾ ಹಿಲ್ (ಈಗ ನಿಕೋಲಾ ಸ್ಪಾಲ್ಡಿನ್) ಇದನ್ನು ನೇರವಾಗಿ ಕೇಳಿ ಒಂದು ಲೇಖನ ಬರೆದರು: ಎರಡೂ ಗುಣ ಇರುವ ವಸ್ತುಗಳು ಯಾಕೆ ಇಷ್ಟು ಕಡಿಮೆ? ಬಿಸ್ಮತ್ ಫೆರೈಟ್‌ನಂಥವು ಇದನ್ನು ಕೆಲಸ ಹಂಚಿಕೊಂಡು ದಾಟುತ್ತವೆ. ಬಿಸ್ಮತ್ ಧ್ರುವೀಕರಣ ನೋಡಿಕೊಳ್ಳುತ್ತದೆ, ಕಬ್ಬಿಣ ಕಾಂತೀಯತೆ ನೋಡಿಕೊಳ್ಳುತ್ತದೆ. ಫೆರೋಎಲೆಕ್ಟ್ರಿಕ್ ಗುಣ ಸುಮಾರು 1100 ಕೆಲ್ವಿನ್‌ಗೆ ಬರುತ್ತದೆ, ಸ್ಪಿನ್‌ಗಳ ಕ್ರಮ ಸುಮಾರು 640 ಕೆಲ್ವಿನ್‌ಗೆ. ಒಂದೇ ಮನೆಯಲ್ಲಿದ್ದರೂ ಇಬ್ಬರ ಒಲೆ ಬೇರೆ. ಸುಮ್ನೆ ಎರಡೂ ಗುಣ ಒಟ್ಟಿಗಿದ್ದರೆ ನಿಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ. ನೀವು ಕೇಳಿದ ಜಾತಿಯಲ್ಲಿ ಕಾಂತೀಯ ಕ್ರಮವೇ ಕಾರಣ, ಧ್ರುವೀಕರಣ ಅದರ ಫಲ.

ಈಗ ಕಬ್ಬಿಣ. ಅದು ಲೋಹ. ಓಡಾಡುವ ಎಲೆಕ್ಟ್ರಾನ್‌ಗಳು ಯಾವ ಧ್ರುವೀಕರಣವನ್ನೂ ಉಳಿಯಗೊಡುವುದಿಲ್ಲ. ಆದರೆ ಅದಕ್ಕಿಂತ ಮೂಲದ ಕಾರಣ ಇನ್ನೊಂದಿದೆ. ಕಬ್ಬಿಣವನ್ನು ಹೇಗೋ ಇನ್ಸುಲೇಟರ್ ಮಾಡಿದಿರಿ ಎಂದುಕೊಳ್ಳಿ, ಆಗಲೂ ಧ್ರುವೀಕರಣ ಬರುವುದಿಲ್ಲ. ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗೆ ನಿಂತರೆ ಸಮ್ಮಿತಿ ಕೇಂದ್ರ ಹಾಳಾಗುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಡೀ ಉತ್ತರ ಇಲ್ಲೇ ಕೂತಿದೆ.

ಸ್ಪಿನ್ ಅನ್ನು ಸುತ್ತುತ್ತಿರುವ ಒಂದು ಚಿಕ್ಕ ಕರೆಂಟ್ ಲೂಪ್ ಎಂದು ಭಾವಿಸಿ. ಒಂದು ಬಿಂದುವಿನ ಮೂಲಕ ಎಲ್ಲವನ್ನೂ ಎದುರು ಬದಿಗೆ ಕಳಿಸಿದರೆ ಚಾರ್ಜ್ ಇರುವ ಜಾಗವೂ ತಿರುಗುತ್ತದೆ, ಅದು ಹೋಗುವ ದಿಕ್ಕೂ ತಿರುಗುತ್ತದೆ. ಎರಡು ಮೈನಸ್ ಸೇರಿ ಪ್ಲಸ್. ಸ್ಪಿನ್ ಹಾಗೇ ಉಳಿಯುತ್ತದೆ, ಅದು ಕೂತ ಜಾಗ ಮಾತ್ರ ಬದಲಾಗುತ್ತದೆ. ಧ್ರುವೀಕರಣ ಹಾಗಲ್ಲ. ಪ್ಲಸ್ ಮೈನಸ್ ಜಾಗ ಅದಲು ಬದಲಾಗಿ ಬಾಣವೇ ಉಲ್ಟಾ ಆಗುತ್ತದೆ. ಇನ್ನು ಕಾಲವನ್ನು ಹಿಂದಕ್ಕೆ ಓಡಿಸಿ ನೋಡಿ. ಆಗ ಲೂಪಿನ ಕರೆಂಟ್ ಹಿಂದಕ್ಕೆ ಸುತ್ತಿ ಸ್ಪಿನ್ ಉಲ್ಟಾ ಆಗುತ್ತದೆ, ಧ್ರುವೀಕರಣಕ್ಕೆ ಏನೂ ಆಗುವುದಿಲ್ಲ. ಹೀಗಾಗಿ ಸ್ಪಿನ್ ಮತ್ತು ಧ್ರುವೀಕರಣವನ್ನು ನೇರವಾಗಿ ಗುಣಿಸಿ ಶಕ್ತಿಯ ಸಮೀಕರಣದಲ್ಲಿ ಬರೆಯಲು ನಿಸರ್ಗ ಬಿಡುವುದಿಲ್ಲ. ಸ್ಪಿನ್ ಎರಡು ಸಲ ಬರಬೇಕು, ಕಾಲದ ತಕರಾರು ಆಗ ತೀರುತ್ತದೆ. ಜಾಗದ ತಕರಾರು ತೀರಬೇಕಾದರೆ ಸ್ಪಿನ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬದಲಾಗುತ್ತಿರಬೇಕು. ಅಂದರೆ ಸ್ಪಿನ್, ಸ್ಪಿನ್‌ನ ಇಳಿಜಾರು (ಜಾಗದಿಂದ ಜಾಗಕ್ಕೆ ಅದು ಎಷ್ಟು ಬದಲಾಗುತ್ತದೆ ಎಂಬುದು), ಧ್ರುವೀಕರಣ, ಈ ಮೂರೂ ಸೇರಿದ ಪದಕ್ಕೆ ಅನುಮತಿ ಇದೆ. ಇದನ್ನು 2006ರಲ್ಲಿ ಮ್ಯಾಕ್ಸಿಂ ಮೋಸ್ಟೊವೊಯ್ ಬಹಳ ಚೊಕ್ಕವಾಗಿ ಬರೆದು ತೋರಿಸಿದರು.

ಬದಲಾದರೆ ಸಾಲದು, ಹೇಗೆ ಬದಲಾಗುತ್ತದೆ ಎಂಬುದು ಮುಖ್ಯ. ಸಾಲಿನಲ್ಲಿ ಸ್ಪಿನ್‌ಗಳು ಮೇಲೆ ಕೆಳಗೆ ಮಾತ್ರ ನೋಡುತ್ತಾ, ಉದ್ದ ಹೆಚ್ಚು ಕಡಿಮೆ ಆಗುತ್ತಾ ಅಲೆಯಂತೆ ಸಾಗಿದವು ಎಂದುಕೊಳ್ಳಿ. ಅಲೆಯ ತುದಿಯಲ್ಲಿ ನಿಂತು ಎಡ ಬಲ ಅದಲು ಬದಲು ಮಾಡಿದರೆ ಅದೇ ಅಲೆ ಸಿಗುತ್ತದೆ. ಸಮ್ಮಿತಿ ಕೇಂದ್ರ ಭದ್ರ, ಧ್ರುವೀಕರಣ ಸೊನ್ನೆ. ಈಗ ಇನ್ನೊಂದು ಥರ ನೋಡಿ. ಸೈಕಲ್ ಬಲಗಡೆಗೆ ಹೋಗುವಾಗ ಚಕ್ರದ ಒಂದು ಕಡ್ಡಿ ಹೇಗೆ ತಿರುಗುತ್ತಾ ಸಾಗುತ್ತದೋ, ಹಾಗೆ ಒಂದೊಂದು ಅಯಾನು ದಾಟಿದಂತೆ ಸ್ಪಿನ್ ಸ್ವಲ್ಪ ಸ್ವಲ್ಪ ತಿರುಗುತ್ತಾ ಹೋಗುತ್ತದೆ. ಇದೇ ಸೈಕ್ಲಾಯ್ಡ್ ಸುರುಳಿ. ಇದರ ಎಡ ಬಲ ಬದಲಾಯಿಸಿ. ಪ್ರತಿ ಸ್ಪಿನ್ ತನ್ನ ದಿಕ್ಕು ಉಳಿಸಿಕೊಂಡು ಜಾಗ ಮಾತ್ರ ಬದಲಿಸುತ್ತದೆ. ಆಗ ಬಲಕ್ಕೆ ಹೋಗುತ್ತಾ ಗಡಿಯಾರದಂತೆ ತಿರುಗುತ್ತಿದ್ದದ್ದು ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಮೊದಲಿನ ಸುರುಳಿ ಸಿಗಲಿಲ್ಲ. ಅಯಾನುಗಳು ಒಂದೂ ಜರುಗಿಲ್ಲ, ಸ್ಪಿನ್ ವಿನ್ಯಾಸವೇ ಸಮ್ಮಿತಿ ಕೇಂದ್ರವನ್ನು ಒಡೆದು ಹಾಕಿತು. ಎರಡು ಸುರುಳಿಗಳಿಗೂ ಶಕ್ತಿ ಒಂದೇ. ಒಂದರಲ್ಲಿ ಧ್ರುವೀಕರಣ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ. ನಾವು ಕೇಳಿದ ಎರಡೂ ಷರತ್ತು ಒಟ್ಟಿಗೇ ಪೂರೈಸಿತು.

ಧ್ರುವೀಕರಣದ ದಿಕ್ಕಿಗೆ ಒಂದು ಸೂತ್ರ ಇದೆ. 2005ರಲ್ಲಿ ಕತ್ಸುರಾ, ನಾಗಾವೊಸಾ ಮತ್ತು ಬಲಾತ್ಸ್ಕಿ ಕೊಟ್ಟದ್ದು. ಪಕ್ಕದ ಎರಡು ಸ್ಪಿನ್‌ಗಳ ವೆಕ್ಟರ್ ಗುಣಲಬ್ಧ ತೆಗೆದುಕೊಳ್ಳಿ. ಒಂದು ಅಯಾನಿನಿಂದ ಇನ್ನೊಂದಕ್ಕೆ ಹೋಗುವ ದಿಕ್ಕಿನ ಜೊತೆ ಮತ್ತೆ ವೆಕ್ಟರ್ ಗುಣಾಕಾರ ಮಾಡಿ. ಬಂದದ್ದೇ ಧ್ರುವೀಕರಣದ ದಿಕ್ಕು. ಸುರುಳಿ ಸ್ಕ್ರೂ ಥರ ಇದ್ದರೆ, ಅಂದರೆ ಸ್ಪಿನ್‌ಗಳು ಸಾಗುವ ದಿಕ್ಕಿಗೆ ಅಡ್ಡಲಾಗಿ ತಿರುಗಿದರೆ, ಈ ಸೂತ್ರದಲ್ಲಿ ಉತ್ತರ ಸೊನ್ನೆ. ಸುರುಳಿ ಎಂದ ಕೂಡಲೇ ಧ್ರುವೀಕರಣ ಎಂದು ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ಕೆಲವು ಹರಳುಗಳಲ್ಲಿ ಸ್ಕ್ರೂ ಕೂಡ ಧ್ರುವೀಕರಣ ಕೊಡುತ್ತದೆ. ಅಲ್ಲಿ ಜಾಲರಿಯ, ಅಂದರೆ ಅಯಾನುಗಳ ಜೋಡಣೆಯ, ಸಮ್ಮಿತಿ ಕಡಿಮೆ, ದಾರಿ ಬೇರೆ.

ಇಷ್ಟೂ ಸಮ್ಮಿತಿಯ ಮಾತು. ಆಗಬಹುದು ಎಂದಷ್ಟೇ ಅದು ಹೇಳುತ್ತದೆ. ತಳ್ಳುವವರು ಯಾರು? ಮ್ಯಾಂಗನೀಸ್, ಆಕ್ಸಿಜನ್, ಮತ್ತೆ ಮ್ಯಾಂಗನೀಸ್ ಎಂಬ ಸರಪಳಿಯಲ್ಲಿ ಆಕ್ಸಿಜನ್ ನೇರ ಗೆರೆಯಲ್ಲಿ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಬಾಗಿರುತ್ತದೆ. ಎಲೆಕ್ಟ್ರಾನ್‌ನ ಸ್ಪಿನ್ ಮತ್ತು ಅದರ ಕಕ್ಷಾ ಚಲನೆ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ, ಬಾಗಿದ ಆಕ್ಸಿಜನ್ ಪಕ್ಕದ ಎರಡು ಸ್ಪಿನ್‌ಗಳನ್ನು ಸ್ವಲ್ಪ ಓರೆ ಮಾಡುತ್ತದೆ. 1950ರ ದಶಕದ ಕೊನೆಯಲ್ಲಿ ಡ್ಜಿಯಾಲೋಶಿನ್ಸ್ಕಿ, 1960ರಲ್ಲಿ ಮೊರಿಯಾ ವಿವರಿಸಿದ ಪರಿಣಾಮ ಇದು. ಇದನ್ನೇ ಉಲ್ಟಾ ಓದಿ. ಸ್ಪಿನ್‌ಗಳು ಬೇರೆ ಕಾರಣಕ್ಕೆ ಮೊದಲೇ ಓರೆಯಾಗಿದ್ದರೆ, ಆ ಓರೆಗೆ ಹೊಂದಿಕೊಳ್ಳಲು ಆಕ್ಸಿಜನ್ ಜರುಗುತ್ತದೆ. ಸುರುಳಿಯಲ್ಲಿ ಪ್ರತಿ ಜೋಡಿಯೂ ಒಂದೇ ಕಡೆಗೆ ತಿರುಗಿರುವುದರಿಂದ ಎಲ್ಲ ಆಕ್ಸಿಜನ್‌ಗಳಿಗೂ ಒಂದೇ ದಿಕ್ಕಿನ ತಳ್ಳು. ಎಷ್ಟು ಜರುಗುತ್ತವೆ ಗೊತ್ತಾ? ಟರ್ಬಿಯಂ ಮ್ಯಾಂಗನೈಟ್‌ನಲ್ಲಿ (ಟರ್ಬಿಯಂ, ಮ್ಯಾಂಗನೀಸ್ ಇರುವ ಆಕ್ಸೈಡ್) ಅಯಾನುಗಳ ಸರಿತವನ್ನು 2011ರಲ್ಲಿ ಎಕ್ಸ್-ರೇ ಬಳಸಿ ಅಳೆದರು. ಬಂದದ್ದು ಸುಮಾರು 20 ಫೆಮ್ಟೋಮೀಟರ್. ಪರಮಾಣುವಿನ ನ್ಯೂಕ್ಲಿಯಸ್ಸಿನ ಗಾತ್ರದ ಲೆಕ್ಕದಲ್ಲಿ ಮಾತಾಡುವ ಅಳತೆ ಇದು. ಬೇರಿಯಂ ಟೈಟನೇಟ್‌ನ 0.1 ಆಂಗ್‌ಸ್ಟ್ರಾಂ, ಅಂದರೆ 10,000 ಫೆಮ್ಟೋಮೀಟರ್, ಸರಿದಾಟದ ಮುಂದೆ ಇದು ಏನೇನೂ ಅಲ್ಲ.

ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಈ ಗಣಿತ ಕಾಂತ ವಿಜ್ಞಾನದಲ್ಲಿ ಮೊದಲು ಹುಟ್ಟಿದ್ದಲ್ಲ. ಲಿಕ್ವಿಡ್ ಕ್ರಿಸ್ಟಲ್‌ಗಳಲ್ಲಿ ಕಡ್ಡಿಯಂಥ ಅಣುಗಳ ದಿಕ್ಕು ಜಾಗದಿಂದ ಜಾಗಕ್ಕೆ ಬಾಗಿದರೆ ಧ್ರುವೀಕರಣ ಬರುತ್ತದೆ ಎಂದು 1969ರಲ್ಲಿ ರಾಬರ್ಟ್ ಮೇಯರ್ ಹೇಳಿದ್ದರು. ಅಣುವಿನ ದಿಕ್ಕಿನ ಜಾಗದಲ್ಲಿ ಸ್ಪಿನ್ ಹಾಕಿ, ಮೋಸ್ಟೊವೊಯ್ ಸೂತ್ರದ ರೂಪವೇ ಸಿಗುತ್ತದೆ. ಅದೇ ಕಾಲದಲ್ಲಿ ನಮ್ಮ ಮಾನಸಗಂಗೋತ್ರಿಯಲ್ಲಿ ಎಸ್. ಚಂದ್ರಶೇಖರ್ ಲಿಕ್ವಿಡ್ ಕ್ರಿಸ್ಟಲ್ ಸಂಶೋಧನೆ ಕಟ್ಟುತ್ತಿದ್ದರು. 1961ರಲ್ಲಿ ಮೈಸೂರಿಗೆ ಬಂದು ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದವರು ಅವರು, ಹತ್ತು ವರ್ಷದ ಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಮೈಸೂರು ಸೀಮೆಯಲ್ಲಿ ಫಿಸಿಕ್ಸ್ ಓದುವವರಿಗೆ ಈ ಸಮೀಕರಣ ಹೊಸಬರದ್ದು ಅನ್ನಿಸಬೇಕಾಗಿಲ್ಲ.

ಟರ್ಬಿಯಂ ಮ್ಯಾಂಗನೈಟ್ ಹೆಸರು ಬಂತಲ್ಲ, ಈ ಕ್ಷೇತ್ರ ಎದ್ದು ಕೂತದ್ದೇ ಅದರಿಂದ. 2003ರಲ್ಲಿ ಜಪಾನಿನಲ್ಲಿ ಕಿಮುರಾ, ತೊಕುರಾ ಮತ್ತು ಜೊತೆಗಾರರು ಅದರ ಹರಳನ್ನು ತಂಪು ಮಾಡುತ್ತಾ ಹೋದರು. ಸುಮಾರು 41 ಕೆಲ್ವಿನ್‌ನಲ್ಲಿ ಸ್ಪಿನ್‌ಗಳು ಅಲೆಯಾಗಿ ಕ್ರಮಕ್ಕೆ ಬಂದವು. ಧ್ರುವೀಕರಣ ಇಲ್ಲ. ಸುಮಾರು 27 ಕೆಲ್ವಿನ್‌ನಲ್ಲಿ ಧ್ರುವೀಕರಣ ಕಾಣಿಸಿಕೊಂಡಿತು. ಎರಡು ವರ್ಷದ ನಂತರ ಕೆಂಜೆಲ್‌ಮಾನ್ ಮತ್ತಿತರರ ನ್ಯೂಟ್ರಾನ್ ಪ್ರಯೋಗ ಕಾರಣ ತೋರಿಸಿತು. ಅಲೆ 27 ಕೆಲ್ವಿನ್‌ನಲ್ಲೇ ಸುರುಳಿಯಾಗಿ ಬದಲಾಗುತ್ತಿತ್ತು. ಮೇಲೆ ಹೇಳಿದ ಎರಡು ವಿನ್ಯಾಸಗಳೂ ಒಂದೇ ಹರಳಿನಲ್ಲಿ, ಒಂದಾದ ಮೇಲೊಂದು! ಇದಕ್ಕಿಂತ ಒಳ್ಳೆಯ ಸಾಕ್ಷಿ ಕೇಳಿ ಮಾಡಿಸಿದರೂ ಸಿಗುತ್ತಿರಲಿಲ್ಲ. ಮೇಲಾಗಿ, ಕೆಲವು ಟೆಸ್ಲಾ ಕಾಂತಕ್ಷೇತ್ರವನ್ನು ಸರಿಯಾದ ಅಕ್ಷಕ್ಕೆ ಕೊಟ್ಟರೆ ಸುರುಳಿ ಇರುವ ಸಮತಲವೇ 90 ಡಿಗ್ರಿ ತಿರುಗುತ್ತದೆ. ಅದರ ಜೊತೆ ಧ್ರುವೀಕರಣವೂ ಒಂದು ಅಕ್ಷ ಬಿಟ್ಟು ಇನ್ನೊಂದು ಅಕ್ಷಕ್ಕೆ ಹೋಗುತ್ತದೆ. ಕಾಂತಕ್ಷೇತ್ರ ಕೊಟ್ಟು ವಿದ್ಯುತ್ ಗುಣ ತಿರುಗಿಸಿದಂತಾಯಿತು. ವಾಪಸ್ ದಾರಿಯೂ ಇದೆ. ವಿದ್ಯುತ್ ಕ್ಷೇತ್ರ ಇಟ್ಟು ತಂಪು ಮಾಡಿದರೆ ಸುರುಳಿ ಯಾವ ಕಡೆ ಸುತ್ತಬೇಕೆಂದು ನಾವೇ ಆರಿಸಬಹುದು.

ಸ್ಪಿನ್‌ಗಳು ನೆಟ್ಟಗೆ ನಿಲ್ಲದೆ ಸುರುಳಿ ಯಾಕೆ ಸುತ್ತುತ್ತವೆ? ಪಕ್ಕದವನು ಒಂದು ಹೇಳುತ್ತಾನೆ, ಅವನಾಚೆಯವನು ಇನ್ನೊಂದು ಹೇಳುತ್ತಾನೆ. ಪಕ್ಕದ ಸ್ಪಿನ್ ಜೊತೆ ಒಂದೇ ದಿಕ್ಕಿಗೆ ನಿಲ್ಲಬೇಕು, ಒಂದು ಬಿಟ್ಟು ಮುಂದಿನದರ ಜೊತೆ ಎದುರು ನಿಲ್ಲಬೇಕು ಎಂಬ ಎರಡು ಒತ್ತಡ ಇದ್ದರೆ ಎರಡನ್ನೂ ಪೂರೈಸಲು ಆಗುವುದಿಲ್ಲ. ಎರಡನೆಯದರ ಬಲ ಮೊದಲನೆಯದರ ಕಾಲು ಭಾಗ ದಾಟಿದರೆ ಸ್ಪಿನ್‌ಗಳು ನಡುವಿನ ಒಂದು ಕೋನ ಹಿಡಿದು ರಾಜಿ ಮಾಡಿಕೊಳ್ಳುತ್ತವೆ. ಲ್ಯಾಂಥನಮ್ ಮ್ಯಾಂಗನೈಟ್‌ನಲ್ಲಿ ಈ ಜಗಳ ಇಲ್ಲ. ಲ್ಯಾಂಥನಮ್ ತೆಗೆದು ಅದಕ್ಕಿಂತ ಚಿಕ್ಕದಾದ ಟರ್ಬಿಯಂ ಹಾಕಿದರೆ ಜಾಲರಿ ಜಾಸ್ತಿ ಬಾಗುತ್ತದೆ, ದೂರದವನ ಮಾತಿಗೆ ತೂಕ ಬರುತ್ತದೆ. ಆದರೆ ಜಗಳದ ಮೇಲೆ ನಿಂತ ಕ್ರಮ ಗಟ್ಟಿ ಇರುವುದಿಲ್ಲ. ಅದಕ್ಕೇ ಇಂಥ ಹರಳುಗಳು ಇಷ್ಟು ಚಳಿಯಲ್ಲೇ ಕೆಲಸ ಮಾಡುವುದು. ನಿಮಗೆ ಹೀಲಿಯಂ ಬೇಕಾಗಿರುವುದೂ ಇದಕ್ಕೇ.

ಸುರುಳಿಯೇ ಬೇಕೆಂದಿಲ್ಲ. ಎರಡು ಮೇಲೆ, ಎರಡು ಕೆಳಗೆ ಎಂಬ ಸಾಲೂ ನಡೆಯುತ್ತದೆ, ಆದರೆ ಅಯಾನುಗಳು ಒಂದು ಬಿಟ್ಟು ಒಂದು ಬೇರೆ ಜಾತಿಯವಾಗಿರಬೇಕು. ಕ್ಯಾಲ್ಸಿಯಂ, ಕೋಬಾಲ್ಟ್, ಮ್ಯಾಂಗನೀಸ್ ಇರುವ ಒಂದು ಆಕ್ಸೈಡ್‌ನಲ್ಲಿ ಹೀಗಿದೆ ಎಂದು 2008ರಲ್ಲಿ ತೋರಿಸಿದರು. ಅಯಾನುಗಳ ಸಾಲಿಗೆ ಸಮ್ಮಿತಿ ಕೇಂದ್ರ ಅಯಾನಿನ ಮೇಲೇ ಇದೆ. ಸ್ಪಿನ್‌ಗಳ ಸಾಲಿಗೆ ಅದು ಎರಡು ಅಯಾನುಗಳ ನಡುವೆ ಇದೆ. ಬೇರೆ ಬೇರೆಯಾಗಿ ನೋಡಿದರೆ ಎರಡಕ್ಕೂ ಕೇಂದ್ರ ಇದೆ, ಒಟ್ಟಿಗೆ ಇಟ್ಟರೆ ಒಂದೂ ಉಳಿಯುವುದಿಲ್ಲ. ಕಾಗದದ ಮೇಲೆ ಬರೆದು ನೋಡಿ, ನನಗೆ ಇದು ಈ ವಿಷಯದಲ್ಲೇ ಅತಿ ಚೆಂದದ ಮಾತು. ಒಂದೇ ದಿಕ್ಕಿನ ಸ್ಪಿನ್ ಇರುವ ಜೋಡಿ ಹತ್ತಿರ ಬರುತ್ತದೆ, ಎದುರು ದಿಕ್ಕಿನ ಜೋಡಿ ದೂರ ಹೋಗುತ್ತದೆ ಅಥವಾ ಉಲ್ಟಾ. ಹೇಗಾದರೂ ಚಾರ್ಜ್ ಒಂದು ಕಡೆ ವಾಲುತ್ತದೆ. ಇಲ್ಲಿ ಸ್ಪಿನ್ ಕಕ್ಷೆಗಳ ಆ ದುರ್ಬಲ ನಂಟು ಬೇಕಾಗಿಲ್ಲ, ಆದ್ದರಿಂದ ಧ್ರುವೀಕರಣ ಜಾಸ್ತಿ ಸಿಗಬಹುದು ಎಂಬ ಆಸೆ. ಲೆಕ್ಕದಲ್ಲಿ ಬಂದಷ್ಟು ಪ್ರಯೋಗದಲ್ಲಿ ಸಾಮಾನ್ಯವಾಗಿ ಸಿಕ್ಕಿಲ್ಲ.

ಉಪಯೋಗದ ಬಗ್ಗೆ ಪತ್ರಿಕೆಗಳಲ್ಲಿ ಬರುವುದನ್ನು ಸ್ವಲ್ಪ ತಡೆದು ಓದಿ. ಟರ್ಬಿಯಂ ಮ್ಯಾಂಗನೈಟ್‌ನ ಧ್ರುವೀಕರಣ ಚದರ ಸೆಂಟಿಮೀಟರಿಗೆ ಸುಮಾರು 0.08 ಮೈಕ್ರೋಕೂಲಂ. ಬೇರಿಯಂ ಟೈಟನೇಟ್‌ಗಿಂತ ಸುಮಾರು 300 ಪಟ್ಟು ಕಡಿಮೆ. ಕಾರಣವೇ ಸ್ಪಿನ್ ಆಗಿದ್ದರೆ ನಂಟು ಬಿಗಿ, ಆದರೆ ಧ್ರುವೀಕರಣ ಅಲ್ಪ. ಎರಡು ಗುಣ ಬೇರೆ ಬೇರೆ ಹುಟ್ಟಿದ್ದರೆ ಧ್ರುವೀಕರಣ ದೊಡ್ಡದು, ನಂಟು ಸಡಿಲ. ಎರಡೂ ಬೇಕೆನ್ನುವವರಿಗೆ ಇನ್ನೂ ಸಮಾಧಾನದ ಉತ್ತರ ಸಿಕ್ಕಿಲ್ಲ. ತಾಪಮಾನದ ವಿಷಯದಲ್ಲಿ ಮಾತ್ರ ಸ್ವಲ್ಪ ಮುಂದೆ ಬಂದಿದ್ದಾರೆ. ಕೆಮಿಸ್ಟ್ರಿ ಲ್ಯಾಬಿನ ಕಪ್ಪು ಪುಡಿ ತಾಮ್ರದ ಆಕ್ಸೈಡ್ ಇದೆಯಲ್ಲ, ಅದೇ 213ರಿಂದ 230 ಕೆಲ್ವಿನ್ ನಡುವೆ ಸುರುಳಿ ಸುತ್ತಿ ಫೆರೋಎಲೆಕ್ಟ್ರಿಕ್ ಆಗುತ್ತದೆ ಎಂದು 2008ರಲ್ಲಿ ಕಿಮುರಾ ಮತ್ತಿತರರು ತೋರಿಸಿದರು. ಸೊನ್ನೆಗಿಂತ 43 ಡಿಗ್ರಿ ಸೆಲ್ಸಿಯಸ್ ಕೆಳಗೆ ಅಂದರೆ ಈ ಲೋಕದಲ್ಲಿ ಸೆಖೆ ಎಂದೇ ಲೆಕ್ಕ. 2010ರಲ್ಲಿ ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣದ ಒಂದು ಹೆಕ್ಸಾಫೆರೈಟ್ ಕೋಣೆಯ ತಾಪಮಾನದಲ್ಲೇ ಸಣ್ಣ ಕಾಂತಕ್ಷೇತ್ರಕ್ಕೆ ಸ್ಪಂದಿಸಿತು. ಧ್ರುವೀಕರಣ ಮಾತ್ರ ಅಲ್ಲೂ ಬಹಳ ಕಡಿಮೆ.

ಇನ್ನು ಪ್ರಾಜೆಕ್ಟ್. ಪುಡಿ ಒತ್ತಿ ಬಿಲ್ಲೆ ಮಾಡಿ, ಎರಡು ಕಡೆ ಸಿಲ್ವರ್ ಪೇಂಟ್ ಬಳಿದು, ಕೋಣೆಯ ತಾಪಮಾನದಲ್ಲಿ ವಿದ್ಯುತ್ ಕ್ಷೇತ್ರ ಏರಿಸಿ ಇಳಿಸಿ ಧ್ರುವೀಕರಣದ ಗ್ರಾಫಿನಲ್ಲಿ ಒಂದು ಲೂಪ್ ತೆಗೆದು ‘ಫೆರೋಎಲೆಕ್ಟ್ರಿಕ್ ಸಿಕ್ಕಿತು’ ಎಂದು ಬರೆಯುವ ಪ್ರಾಜೆಕ್ಟ್‌ಗಳನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಕರೆಂಟ್ ಸೋರುವ ಯಾವ ವಸ್ತುವೂ ಉಬ್ಬಿದ ಲೂಪ್ ಕೊಡುತ್ತದೆ. 2008ರಲ್ಲಿ ಜೆ. ಎಫ್. ಸ್ಕಾಟ್ ಬಾಳೆಹಣ್ಣಿನ ಸಿಪ್ಪೆಗೆ ಎಲೆಕ್ಟ್ರೋಡ್ ಹಚ್ಚಿ ಅಂಥದ್ದೇ ಲೂಪ್ ತೆಗೆದು ಪ್ರಕಟಿಸಿದರು. ನಂಜನಗೂಡು ರಸಬಾಳೆಯಲ್ಲೂ ಬಂದೀತು! ಸರಿಯಾದ ದಾರಿ ಪೈರೋ ಕರೆಂಟ್, ಅಂದರೆ ಬಿಸಿ ಮಾಡಿದಾಗ ಧ್ರುವೀಕರಣ ಬದಲಾಗಿ ಹರಿಯುವ ಕರೆಂಟ್. ವಿದ್ಯುತ್ ಕ್ಷೇತ್ರ ಇಟ್ಟು ತಂಪು ಮಾಡಬೇಕು. ಕ್ಷೇತ್ರ ತೆಗೆದು, ಎರಡೂ ಎಲೆಕ್ಟ್ರೋಡ್ ಶಾರ್ಟ್ ಮಾಡಿ ಸಾಕಷ್ಟು ಹೊತ್ತು ಬಿಡಬೇಕು. ಆಮೇಲೆ ಒಂದೇ ವೇಗದಲ್ಲಿ ಬಿಸಿ ಮಾಡುತ್ತಾ ಹೊರಬರುವ ಪೈಕೋಆಂಪಿಯರ್ ಕರೆಂಟ್ ಅಳೆಯಬೇಕು. ಕ್ಷೇತ್ರ ಉಲ್ಟಾ ಮಾಡಿದರೆ ಕರೆಂಟ್ ಉಲ್ಟಾ ಆಗಬೇಕು. ಅದಷ್ಟೇ ಸಾಲದು. ಬಿಸಿ ಮಾಡುವ ವೇಗ ಬದಲಿಸಿದರೂ ಕರೆಂಟಿನ ಶಿಖರ ಅದೇ ತಾಪಮಾನದಲ್ಲಿ, ಅಂದರೆ ಸ್ಪಿನ್ ಕ್ರಮ ಬದಲಾಗುವ ತಾಪಮಾನದಲ್ಲೇ, ನಿಲ್ಲಬೇಕು. ಶಿಖರ ಜರುಗಿದರೆ ಅದು ಹರಳಿನ ದೋಷಗಳಲ್ಲಿ ಸಿಕ್ಕಿಕೊಂಡಿದ್ದ ಚಾರ್ಜ್ ಬಿಡುಗಡೆ ಆದದ್ದು.

ಇದಕ್ಕೆ ಬೇಕಾದ ತಂಪು ನಿಮ್ಮ ಕಾಲೇಜಿನಲ್ಲಿ ಸಿಗದು, ನಿಜ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ವಸ್ತುಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ, ಅಲ್ಲಿ ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್ ಇದೆ. ಅರ್ಜಿ ಹಾಕಿ. ಸಿಗುವವರೆಗೆ ಲ್ಯಾಪ್‌ಟಾಪ್ ಸಾಕು. ಪೈಥಾನ್‌ನಲ್ಲಿ ನೂರಿನ್ನೂರು ಸ್ಪಿನ್‌ಗಳ ಒಂದು ಸಾಲು ಬರೆಯಿರಿ. ಪಕ್ಕದವುಗಳ ನಡುವೆ ಫೆರೋ ಬಲ (ಒಂದೇ ದಿಕ್ಕಿಗೆ ನಿಲ್ಲಿಸುವುದು), ಒಂದು ಬಿಟ್ಟು ಮುಂದಿನದರ ಜೊತೆ ಅದರ ಅರ್ಧದಷ್ಟು ಆಂಟಿಫೆರೋ ಬಲ (ಎದುರು ನಿಲ್ಲಿಸುವುದು) ಕೊಡಿ. ಶಕ್ತಿ ಕಡಿಮೆ ಮಾಡಿಸಿದರೆ ಪಕ್ಕ ಪಕ್ಕದ ಸ್ಪಿನ್‌ಗಳ ನಡುವೆ 60 ಡಿಗ್ರಿ ಬರಬೇಕು. ಬರಲಿಲ್ಲ ಎಂದರೆ ಪ್ರೋಗ್ರಾಂ ತಪ್ಪಿದೆ. ಸಾಲಿನ ತುದಿಗಳನ್ನು ಒಂದಕ್ಕೊಂದು ಸೇರಿಸಿ ಬಳೆ ಮಾಡಿದ್ದರೆ ಸ್ಪಿನ್‌ಗಳ ಸಂಖ್ಯೆ 6ರಿಂದ ಭಾಗವಾಗುವಂತಿರಲಿ, ಇಲ್ಲದಿದ್ದರೆ ಕೋನ ಸ್ವಲ್ಪ ಆಚೀಚೆ ಆಗುತ್ತದೆ. ಆಮೇಲೆ ಮೇಲಿನ ವೆಕ್ಟರ್ ಸೂತ್ರ ಹಾಕಿ ಧ್ರುವೀಕರಣ ಲೆಕ್ಕ ಮಾಡಿ, ಸುರುಳಿಯ ಸಮತಲವನ್ನು ನಿಧಾನವಾಗಿ ಸೈಕ್ಲಾಯ್ಡ್‌ನಿಂದ ಸ್ಕ್ರೂ ಕಡೆಗೆ ತಿರುಗಿಸುತ್ತಾ ಗ್ರಾಫ್ ಎಳೆಯಿರಿ. ಪ್ರೋಗ್ರಾಮನ್ನು ಹಲವು ಸಲ ಓಡಿಸಿದರೆ ಕೆಲವು ಸಲ ಸುರುಳಿ ಎಡಕ್ಕೆ ಸುತ್ತುತ್ತದೆ, ಕೆಲವು ಸಲ ಬಲಕ್ಕೆ, ಶಕ್ತಿ ಮಾತ್ರ ಎರಡಕ್ಕೂ ಒಂದೇ. ಆಗ ಶಕ್ತಿಗೆ ಒಂದು ಚಿಕ್ಕ ವಿದ್ಯುತ್ ಕ್ಷೇತ್ರದ ಪದ ಸೇರಿಸಿ, ಯಾವ ಕಡೆಯ ಸುರುಳಿ ಗೆಲ್ಲುತ್ತದೆ ಎಂದು ಎಣಿಸಿ. ಆ ಗ್ರಾಫ್ ಬಂದ ಮೇಲೆ ಮತ್ತೆ ಬರೆಯಿರಿ, ಮುಂದಿನದನ್ನು ನೋಡೋಣ.